ಚಿಕ್ಕಮ್ಮನಿಗೆ ಮಹಾರಾಜರ ಥ್ಯಾಂಕ್ಸು

ಮಿಲ್ ಕ್ರೀಕಿನ ನಮ್ಮ ಮನೆಯ ಕರಿಬೇವಿನ ಕುಂಡದಲ್ಲಿ ಅಂಗೈಯಗಲದ ಅಮೆರಿಕದ ಬಾವುಟವೊಂದಿದೆ. ಎಲೆ ಕೀಳಲು ಹೋದಾಗಲೆಲ್ಲ ಅದರ ಕಡ್ಡಿ ಕೈಗೆ ಚುಚ್ಚುತ್ತದೆ. ಇವತ್ತೂ ಚುಚ್ಚಿತು, ಪಕ್ಕದ ಊರು ಕೆನ್ಮೋರಿನ ಚಿಕ್ಕಮ್ಮ ನೆನಪಾದಳು. ಗಿಡವೂ ಅವಳು ಕೊಟ್ಟದ್ದು, ಬಾವುಟವೂ ಅವಳದೇ. ಇಲ್ಲಿಯ ಪ್ರಜೆಯಾದ ದಿನ ಅವಳ ಕೈಗೆ ಕೊಟ್ಟಿದ್ದರು. ಅದು ಸಿಗದೇ ಹೋಗುವುದರಲ್ಲಿತ್ತು. ಅಡ್ಡ ಬಂದವರು ಯಾರು ಅಂತೀರಿ? ಸಾಕ್ಷಾತ್ ಮೈಸೂರಿನ ಮಹಾರಾಜರು!

ಆ ವರ್ಷ ಮೈಸೂರಿನಲ್ಲಿ ಪಟ್ಟಾಭಿಷೇಕ. ಚಿಕ್ಕಮ್ಮ ಅಲ್ಲಿಯ ಅಗ್ರಹಾರದಲ್ಲಿ ಹುಟ್ಟಿದವಳು. ಮೂವತ್ತು ವರ್ಷದಿಂದ ಇಲ್ಲಿದ್ದರೂ, ಅರಮನೆ ಎಂದರೆ ಸಾಕು, ಸ್ವೆಟರಿನ ಮೇಲೂ ಸೆರಗು ಹುಡುಕುವವಳು. ರೇಷ್ಮೆ ಸೀರೆಯುಟ್ಟು, ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ಎಲ್ಲವನ್ನೂ ನೋಡಿದಳು. ಮಹಾರಾಜರು ಜನರಿಗೆಲ್ಲ ಕೃತಜ್ಞತೆ ಹೇಳಿದಾಗ ಎದ್ದು ನಿಂತು, "ಅಯ್ಯೋ, ಅದಕ್ಕೇನಂತೆ ಮಹಾಸ್ವಾಮಿ!" ಎಂದು ಕೈಮುಗಿದಳು.

ಮುಂದಿನ ವಾರವೇ ಅವಳ ಪೌರತ್ವದ ಪ್ರಮಾಣವಚನ. ಊರಲ್ಲಿ ಒಬ್ಬಳೇ ಇದ್ದ ತಂಗಿಯನ್ನು ಕರೆಸಿಕೊಳ್ಳಲು ಅವಳು ಇಲ್ಲಿಯ ಪ್ರಜೆಯಾಗಬೇಕಿತ್ತು. ಅದಕ್ಕೆಂದೇ ಈ ವಯಸ್ಸಿನಲ್ಲಿ ಓದಿ ಪರೀಕ್ಷೆ ಪಾಸಾಗಿದ್ದಳು. ನಾನು ಸುಮ್ಮನಿರಲಾರದೆ ಪ್ರಮಾಣವಚನದ ಅರ್ಥ ಬಿಡಿಸಿ ಹೇಳಿದೆ. ಯಾವುದೇ ಪರದೇಶದ ರಾಜನ ಮೇಲಿನ ನಿಷ್ಠೆಯನ್ನು ಪೂರ್ತಿಯಾಗಿ ತೊರೆಯಬೇಕು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚಿಕ್ಕಮ್ಮ ಒಲೆ ಆರಿಸಿದಳು.

"ನಾನು ಬರಲ್ಲ ಕಣೋ."

ಮುಕಿಲ್ಟಿಯೊ ಹತ್ತಿರದ ವಿಮಾನ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಚಿಕ್ಕಪ್ಪನಿಗೆ ಮಾತೆಂದರೆ ಬರಗಾಲ. ಅವರೂ ಬಾಯಿಬಿಟ್ಟರು. "ಲೇ, ರಾಜ್ಯ ಹೋಗಿ ಎಷ್ಟು ಕಾಲ ಆಯ್ತು! ಅವರು ಹೆಸರಿಗೆ ರಾಜರು ಕಣೇ. ಥ್ಯಾಂಕ್ಸೂ ಊರಿಗೆಲ್ಲ ಹೇಳಿದ್ದು."

"ಆ ಊರಲ್ಲಿ ನಾನೂ ಇದೀನಲ್ಲ! ಮೂವತ್ತು ವರ್ಷದಿಂದ ನಿಮಗೆ ಡಬ್ಬಿ ಕಟ್ಟಿದೀನಿ. ಚೆನ್ನಾಗಿದೆ ಅಂತ ಒಂದು ಮಾತು? ಉಪ್ಪು ಕಮ್ಮಿ ಆದ್ರೆ ಮಾತ್ರ ನಿಮಗೆ ಬಾಯಿ ಬರತ್ತೆ." ಆಮೇಲೆ ಅವಳ ದನಿ ಇಳಿಯಿತು. "ಒಬ್ಬರಾದ್ರೂ ಥ್ಯಾಂಕ್ಸ್ ಅಂದ್ರು. ವಾರದೊಳಗೆ ಅವರನ್ನೇ ಬಿಟ್ಟೆ ಅನ್ನಲಾ?"

ನಮ್ಮಲ್ಲಿ ಹಾಗೇ ಅಲ್ಲವೇ? ಲಿಫ್ಟಿನ ಬಾಗಿಲು ಹಿಡಿದ ಅಪರಿಚಿತನಿಗೆ ಎರಡೆರಡು ಸಲ ಥ್ಯಾಂಕ್ಯೂ. ಮನೆಯಲ್ಲಿ ಹೇಳಿದರೆ 'ನಾವೇನು ಹೊರಗಿನವರಾ?' ಎಂದು ಬೈಗುಳ. ಹೇಳದಿದ್ದರೆ ಏನಾಗುತ್ತದೆಂದು ಯಾರೂ ಕೇಳಿರಲಿಲ್ಲ.

ಪ್ರಮಾಣವಚನದ ದಿನ ನಾನು ಹೋಗುವಷ್ಟರಲ್ಲಿ ಚಿಕ್ಕಪ್ಪ ಸೂಟು ತೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಚಿಕ್ಕಮ್ಮ ಹಳೆಯ ಸೀರೆಯಲ್ಲೇ ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವರು ಕೆಮ್ಮಿದರು, ಟೈ ಸಡಿಲಿಸಿದರು.

"ಇಷ್ಟು ವರ್ಷದ ಊಟಕ್ಕೆ... ಥ್ಯಾಂಕ್ಸ್ ಕಣೇ. ಉಪ್ಪು ಸರಿಯಾಗೇ ಇರ್ತಿತ್ತು. ಏನಾದ್ರೂ ಅನ್ನಬೇಕಲ್ಲ ಅಂತ ಅಂತಿದ್ದೆ."

ಚಿಕ್ಕಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಷ್ಟು ಹೇಳಿಸೋಕೆ ಮಹಾರಾಜರೇ ಪಟ್ಟಕ್ಕೆ ಬರಬೇಕಾಯ್ತಾ?" ಎಂದವಳೇ ಅತ್ತುಬಿಟ್ಟಳು. ಮೂಗು ಒರೆಸಿಕೊಂಡು, "ಕಾರು ತೆಗೀರಿ, ಸೀರೆ ಉಟ್ಕೊಂಡು ಬಂದೆ" ಎಂದಳು. ಅಲ್ಲಿ ರಾಜನ ನಿಷ್ಠೆ ತೊರೆಯುವ ಸಾಲು ಬಂದಾಗ, "ಅಪ್ಪಣೆಯಾಗಲಿ ಮಹಾಸ್ವಾಮಿ" ಎಂದು ಮೆಲ್ಲಗೆ ಹೇಳಿ, ಆಮೇಲೆ ಜಡ್ಜು ಹೇಳಿಕೊಟ್ಟದ್ದನ್ನು ಹೇಳಿದಳು.

ಇವತ್ತು ಇದನ್ನೆಲ್ಲ ಮೆಲುಕು ಹಾಕುತ್ತ ಕೂತಿದ್ದಾಗ ನನ್ನ ಹೆಂಡತಿ ಬಿಸಿ ಉಪ್ಪಿಟ್ಟಿನ ತಟ್ಟೆ ತಂದು ಮುಂದಿಟ್ಟಳು. ಮದುವೆಯಾದಾಗಿನಿಂದ ಹೇಳದಿದ್ದ ಮಾತು ಬಾಯಿಗೆ ಬಂತು. "ಥ್ಯಾಂಕ್ಸ್ ಕಣೇ," ಎಂದೆ.

ಅವಳು ಕಿಟಕಿಗೆ ಹೋಗಿ ಹೊರಗೆ ಬಗ್ಗಿ ನೋಡಿದಳು. "ಏನ್ರೀ, ಕಾರು ಎಲ್ಲಿ ಗುದ್ದಿದ್ರಿ?"