ಬೀಗತಿ ಬಸ್ಸಿಗೆ ಹೋದ ದಿನ

ಮನೆದೇವರು ಕಾಯ್ದ ಎಂದು ನಮ್ಮ ಮಂದಿ ಈಗಲೂ ಹೇಳುತ್ತಾರೆ. ಹೇಳಲಿ. ದೇವರ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ನಡೆದದ್ದು ಅದಲ್ಲ. ನನ್ನ ಬೀಗತಿ, ಅಂದರೆ ನನ್ನ ಸೊಸೆಯ ತಾಯಿ, ಕಾರಿನ ಡಿಕ್ಕಿಯಲ್ಲಿ ಕೂತಿದ್ದ ನನ್ನ ಇಬ್ಬರು ಮೊಮ್ಮಕ್ಕಳನ್ನು ರಟ್ಟೆ ಹಿಡಿದು ಹೊರಗೆ ಎಳೆದಳು. ಅದಕ್ಕೇ ಅವರು ಇವತ್ತು ಉಂಡು ತಿಂದು ಜಗಳಾಡಿಕೊಂಡು ಇದ್ದಾರೆ. ಬೇರೆ ಕಾರಣ ಇಲ್ಲ.

ಎಳೆದದ್ದು ಎಡಗೈಯಿಂದ. ಆಕೆಯ ಬಲಗೈ ಮೊಣಕೈಯಲ್ಲಿ ಅರ್ಧ ಮಡಚಿದಂತೆಯೇ ನಿಂತುಬಿಟ್ಟಿತ್ತು. ಚಾಚಲೂ ಬಾರದು, ಪೂರ್ತಿ ಮಡಚಲೂ ಬಾರದು. ಊಟಕ್ಕೆ ಕೂತರೆ ತುತ್ತು ಬಾಯಿಯ ತನಕ ಬರುತ್ತಿರಲಿಲ್ಲ. ಆಕೆಯೇ ಕುತ್ತಿಗೆ ಬಗ್ಗಿಸಿ ತುತ್ತಿನ ಬಳಿಗೆ ಹೋಗಬೇಕು. ಹೆಣ್ಣು ನೋಡಲು ನಾರಾಯಣಪುರಕ್ಕೆ ಹೋದಾಗ ನಾನು ಹುಡುಗಿಗಿಂತ ಹೆಚ್ಚು ಆ ಕೈಯನ್ನೇ ನೋಡಿದೆ. ಏನಾಯಿತು ಎಂದು ಕೇಳಿದ್ದಕ್ಕೆ "ಹಳೇದ್ರಿ" ಅಂದಳು. ಮುಂದೆ ಇಷ್ಟು ವರ್ಷ ಬೀಗತನ ಮಾಡಿದರೂ ನಾನು ಮತ್ತೆ ಕೇಳಲಿಲ್ಲ.

ಆಕೆಯ ಗಂಡ ಡ್ಯಾಮಿನಲ್ಲಿ ಗೇಟಿನ ಕೆಲಸಕ್ಕಿದ್ದವರು. ಕ್ವಾರ್ಟರ್ಸಿನಲ್ಲಿ, ನೀರಿನ ದಂಡೆಗೇ ಮಕ್ಕಳನ್ನು ಬೆಳೆಸಿದ ಹೆಂಗಸು. ಸುರಪುರದ ನಮ್ಮ ಮನೆಗೆ ಬಂದರೆ ಹೊಸ್ತಿಲು ದಾಟಿದ ಕೂಡಲೇ ನನ್ನನ್ನು ಮಾತಾಡಿಸುತ್ತಿರಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ ನೀರಿನ ಟಾಕಿಗೆ ಮುಚ್ಚಳ ಇದೆಯೋ ಇಲ್ಲವೋ ನೋಡುವಳು. ಆಮೇಲೆ ಮಾಳಿಗೆ ಬಾಗಿಲಿನ ಚಿಲಕ. ಆಮೇಲೆ ಮಕ್ಕಳನ್ನು ಎಣಿಸುವಳು, ಕಳವಾದ ಕುರಿ ಹುಡುಕುವವರ ಹಾಗೆ. ಎಲ್ಲ ಸರಿ ಇದ್ದರೆ ಕಾಲು ತೊಳೆದುಕೊಂಡು ಬಂದು, "ಆರಾಮ ಅದೀರೇನ್ರಿ ಬೀಗರ?" ಎನ್ನುವಳು.

"ನಾವು ಬೀಗತನ ಮಾಡೀವೋ, ಪೊಲೀಸರನ್ನ ಮನಿಗೆ ಕರಕೊಂಡೀವೋ ತಿಳೀವಲ್ದು" ಎಂದು ಒಮ್ಮೆ ನಾನು ಚುಚ್ಚಿದೆ.

"ಪೊಲೀಸರು ಎಲ್ಲಾ ಆದಮ್ಯಾಲ ಬರ್ತಾರ್ರಿ. ನಾ ಮೊದ್ಲ ಬರ್ತೀನಿ" ಅಂದಳು.

ಅಲ್ಲಿಂದ ಮಕ್ಕಳು ಆಕೆಯನ್ನು ಪೊಲೀಸ್ ಆಯಿ ಎಂದೇ ಕರೆದರು. ಆಕೆಗೆ ಬೇಸರವಿರಲಿಲ್ಲ. ಮಕ್ಕಳಿಗೆ ಪೇಪರಮೆಂಟು ತರುವ ಅಜ್ಜಿ ಅಲ್ಲ, ಮುದ್ದು ಮಾಡುವವಳೂ ಅಲ್ಲ. ಆದರೆ ಮಗು ಬಿದ್ದು ಅತ್ತರೆ ನಾವೆಲ್ಲ ಓಡುವಾಗ ಆಕೆ ಕೂತಲ್ಲೇ ಇರುತ್ತಿದ್ದಳು. "ಅಳೋ ಕೂಸಿನ ಫಿಕರ್ ಬ್ಯಾಡ. ಸುಮ್ನ ಆಗಿದ್ದು ಎಲ್ಲೈತಿ ನೋಡ್ರಿ" ಎನ್ನುವಳು. ಆ ಮಾತು ನನಗೆ ಆಗ ಸೇರುತ್ತಿರಲಿಲ್ಲ.

ನನ್ನ ಮಗನಿಗೆ ನಾಲ್ಕು ಮಕ್ಕಳು. ಹನ್ನೆರಡು ವರ್ಷದ ದೊಡ್ಡ ಹುಡುಗಿ, ಒಂಬತ್ತರ ಹುಡುಗ, ನಾಲ್ಕರ ಸಣ್ಣ ಹುಡುಗಿ, ಮೇಲೆ ಒಂದು ಕೂಸು. ಕೂಸಿನ ಹುಟ್ಟುಗೂದಲು ತೆಗೆಸಲು, ಅಂದರೆ ಜವಳಕ್ಕೆ, ರಾಮಸಮುದ್ರದ ಕಡೆ ಇರುವ ನಮ್ಮ ಮನೆದೇವರಿಗೆ ಹೋಗಬೇಕಿತ್ತು. ಮಗ ಆಗಷ್ಟೇ ಒಂದು ಹಳೆಯ ಕಾರು ತಂದಿದ್ದ. ಸುರಪುರದಿಂದ ಶಹಾಪುರ, ಅಲ್ಲಿಂದ ಭೀಮಾ ನದಿಯ ಪೂಲು ದಾಟಿ ಯಾದಗಿರಿ, ಮುಂದೆ ಊರು. ನನಗೆ ಕಾರೆಂದರೆ ಮೊದಲಿನಿಂದಲೂ ಎದೆ ನಡುಕ. ಆದರೂ ಓಣಿಯವರ ಎದುರು ಕಾರಿನಲ್ಲಿ ದೇವರಿಗೆ ಹೋಗುವುದೆಂದರೆ ಯಾರಿಗೆ ಬೇಡ?

ಹಿಂದಿನ ಸಂಜೆ ಬೀಗತಿ ಬಂದಿಳಿದಳು. ಜೊತೆಗೆ ಒಂದು ದೊಡ್ಡ ಗಂಟು. ಬಿಚ್ಚಿದರೆ ಕೂಸನ್ನು ಕಾರಿನಲ್ಲಿ ಕಟ್ಟಿ ಕೂಡಿಸುವ ಒಂದು ಕುರ್ಚಿ, ಸಣ್ಣ ಹುಡುಗಿಗೆ ಎತ್ತರ ಮಾಡುವ ಒಂದು ಗಟ್ಟಿ ಪೀಠ. ಕ್ವಾರ್ಟರ್ಸ್ ಖಾಲಿ ಮಾಡಿ ಹೋದ ಯಾರೋ ಸಾಹೇಬರ ಮನೆಯವರಿಂದ ಕೇಳಿ ಪಡೆದದ್ದು.

"ಕೂಸಿನ್ನ ಕಟ್ಟಿ ಹಾಕಾಕ ಅದೇನು ಕರಾ ಏನ್ರಿ?" ಅಂದೆ. "ಅದೂ ಮಾರಿ ಹಿಂದಕ್ಕ ಮಾಡಿ. ದಾರಿನೂ ಕಾಣಂಗಿಲ್ಲ ಅದಕ್ಕ."

"ದಾರಿ ನೋಡಿ ಅದೇನು ಗಾಡಿ ಹೊಡೀತೈತೇನ್ರಿ?"

ಬೆಳಿಗ್ಗೆ ಮಗ ತನ್ನ ಲೆಕ್ಕದಂತೆ ಎಲ್ಲರನ್ನೂ ಕೂಡಿಸಿದ್ದ. ಮುಂದಿನ ಸೀಟು ನಮ್ಮಲ್ಲಿ ಮರ್ಯಾದೆಯ ಸೀಟು. ಅದು ಬೀಗತಿಗೆ, ತೊಡೆಯ ಮೇಲೆ ಕೂಸು. ಹಿಂದೆ ನಾನು, ಸೊಸೆ, ಸಣ್ಣ ಹುಡುಗಿ. ದೊಡ್ಡವರಿಬ್ಬರನ್ನು ಡಿಕ್ಕಿಯಲ್ಲಿ ಕೌದಿ ಹಾಸಿ ಕೂಡಿಸಿದ್ದ. ನಮ್ಮ ಕಡೆ ಎಲ್ಲರೂ ಹೀಗೇ ಹೋಗುವುದು. ಮಕ್ಕಳಿಗೂ ಅದೇ ಇಷ್ಟ; ಹಿಂದಿನ ಗಾಜಿನಿಂದ ಓಣಿಯ ಹುಡುಗರಿಗೆ ನಾಲಿಗೆ ಚಾಚುತ್ತ ಕೂತಿದ್ದರು.

ಬೀಗತಿ ಸೀರೆ ಸರಿ ಮಾಡಿಕೊಳ್ಳುತ್ತ ಹೊರಗೆ ಬಂದಳು. ಡಿಕ್ಕಿ ನೋಡಿದಳು. ಮುಖದ ಬಣ್ಣವೇ ಹೋಯಿತು. ಅದು ಸಿಟ್ಟು ಎಂದುಕೊಂಡೆ.

"ಇಳೀರಿ" ಅಂದಳು ಮಕ್ಕಳಿಗೆ.

"ಪೊಲೀಸ್ ಆಯಿ, ನಮಗ ಇಲ್ಲೇ ಬೇಸಿ ಐತಿ."

ಎರಡನೆಯ ಸಲ ಹೇಳಲಿಲ್ಲ. ಡಿಕ್ಕಿಯ ಬಾಗಿಲು ಎತ್ತಿ ಒಬ್ಬೊಬ್ಬರನ್ನೇ ಎಳೆದು ನೆಲಕ್ಕೆ ನಿಲ್ಲಿಸಿದಳು. ಮಗನ ಕಡೆ ತಿರುಗಿ, "ಗಾಡ್ಯಾಗ ಎಷ್ಟು ಬೆಲ್ಟ ಅದಾವೋ ಅಷ್ಟ ಮಂದಿ ಕೂಡಬೇಕು, ಅಳಿಯಾರ. ಉಳದವರು ಬಸ್ಸಿಗೆ. ಈ ಇಬ್ಬರನ್ನ ಕರಕೊಂಡು ನಾ ಬಸ್ಸಿಗೆ ಬರ್ತೀನಿ" ಅಂದಳು.

ಓಣಿಯ ಹೆಂಗಸರು ಕಟ್ಟೆಯ ಮೇಲಿಂದ ನೋಡುತ್ತಿದ್ದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಬೀಗತಿಯನ್ನು ಬಸ್ಸಿಗೆ ಕಳಿಸಿ ನಾನು ಕಾರಿನಲ್ಲಿ ಕೂತರೆ ಊರು ಏನಂದೀತು? ಹೋಗಲಿ, ನಾನೇ ಬಸ್ಸಿಗೆ ಹೋಗೋಣವೆಂದರೆ ದೇವರ ಮೀಸಲು ಅಡಿಗೆ ಇತ್ತು. ಮಡಿಯಲ್ಲಿ ಮಾಡಿದ ಹೋಳಿಗೆ. ಅದು ಮನೆಯ ಹಿರಿಯಳ ಜೊತೆಗೇ ಹೋಗಬೇಕು, ಬಸ್ಸಿನ ಗದ್ದಲದಲ್ಲಿ ನಾಲ್ಕು ಮಂದಿಗೆ ತಾಗಿಸಿ ಒಯ್ಯುವಂತಿಲ್ಲ.

"ನಮಗ ಇಜ್ಜತ್ತು ಐತಿಲ್ರಿ?" ಅಂದೆ. ದನಿ ಏರಿತ್ತು.

"ಇಜ್ಜತ್ತಿಗೆ ಏನೂ ಆಗಂಗಿಲ್ರಿ, ಬೀಗರ. ಅದು ಎಲ್ಲಿ ಕೂತ್ರೂ ನಡೀತೈತಿ. ಹುಡುಗ್ರು ಹಂಗಲ್ಲ."

"ನಾವು ನಾಕು ಹಡದೀವಿ. ಎಲ್ಲಾ ತೊಡಿ ಮ್ಯಾಲ ಬೆಳದಾವು."

ಆಕೆ ಕಾರಿನೊಳಗೆ ಅರ್ಧ ತೂರಿ ಹಿಂದಿನ ಸೀಟಿಗೆ ಕುರ್ಚಿ ಬಿಗಿದಳು, ಕೂಸನ್ನು ಕಟ್ಟಿದಳು. ಸಣ್ಣ ಹುಡುಗಿಯನ್ನು ಪೀಠದ ಮೇಲೆ ಕೂಡಿಸಿ, ಬೆಲ್ಟು ಕೊರಳಿಗೆ ಬರದಂತೆ ಭುಜದ ಮೇಲೆ ಎಳೆದು ನೋಡಿದಳು. ನಡುವೆ ಸೊಸೆ. ನನ್ನನ್ನು ಮುಂದೆ ಕೂಡಿಸಿ ನನಗೂ ಬೆಲ್ಟು ಹಾಕಿದಳು.

"ನನಗ್ಯಾಕ್ರಿ ಇದು?"

"ನೀವು ಹಾರಿ ಬಿದ್ರ ಅಳಿಯಾರು ಹೊಸಾ ಗಾಜು ಹಾಕಸಬೇಕಾಗ್ತೈತಿ."

ಕಟ್ಟೆಯ ಹೆಂಗಸರು ನಕ್ಕರು. ನಾನು ಹೋಳಿಗೆಯ ಡಬ್ಬಿ, ತಾಮ್ರದ ಕೊಡ ಎರಡನ್ನೂ ಡಿಕ್ಕಿಯ ಕೌದಿಯ ಮೇಲೆ ಇಡಿಸಿದೆ. ಆಕೆ ಎರಡು ಮಕ್ಕಳ ಮಣಿಕಟ್ಟು ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ತಿರುಗಿಯೂ ನೋಡಲಿಲ್ಲ.

ಶಹಾಪುರ ದಾಟುವ ತನಕ ನಾನು ಬೈಯುತ್ತಲೇ ಇದ್ದೆ. ಭೀಮಾ ಪೂಲು ಇನ್ನೂ ದೂರ ಇರುವಾಗ ರಸ್ತೆಗೆ ಕುರಿ ಹಿಂಡು ಅಡ್ಡ ಬಂತು. ಮಗ ಗಾಡಿ ನಿಲ್ಲಿಸಿದ. ಒಂದು ಮರಿ ಹಿಂದೆ ಉಳಿದಿತ್ತು, ಕುರುಬ ಅದನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಅದನ್ನು ನೋಡುತ್ತಿದ್ದೆ.

ಹಿಂದಿನಿಂದ ಬಂದ ಹತ್ತಿ ತುಂಬಿದ ಲಾರಿ ನಿಲ್ಲಲಿಲ್ಲ.

ಸಪ್ಪಳ ನನಗೆ ನೆನಪಿಲ್ಲ. ಬೆಲ್ಟು ಎದೆಯನ್ನು ಹಗ್ಗದ ಹಾಗೆ ಬಿಗಿದದ್ದು ನೆನಪಿದೆ. ಕಾರು ಜಿಗಿದು ರಸ್ತೆ ಬಿಟ್ಟು ಜಾಲಿ ಕಂಟಿಗೆ ಹೋಗಿ ನಿಂತಿತು. ಮಗ "ಅವ್ವಾ" ಅಂದ. ನಾನು ಹಿಂದೆ ತಿರುಗಬೇಕು, ಬೆಲ್ಟು ಬಿಡುತ್ತಿಲ್ಲ, ಬಿಚ್ಚಲು ನನಗೆ ಬಾರದು. ಹಿಂದಿನಿಂದ ಒಂದು ಉಸಿರಿನ ಸದ್ದೂ ಇಲ್ಲ. ಗಂಡ ಸತ್ತಾಗ, ಹೊಳೆ ಬಂದು ಹೊಲ ಹೋದಾಗ ನಾನು ಹೆದರಿದ್ದೇನೆ. ಆದರೆ ಆ ಹೊತ್ತಿನ ಹೆದರಿಕೆಗೆ ಅವು ಯಾವುವೂ ಸಮ ಅಲ್ಲ. ಬೆನ್ನ ಹಿಂದೆ ಮೂವರು ಇದ್ದಾರೆ, ಮೂವರೂ ಸುಮ್ಮನಿದ್ದಾರೆ.

ಆಮೇಲೆ ಕೂಸು ಕಿಟಾರನೆ ಕಿರುಚಿತು. ಸೊಸೆ ನರಳಿದಳು. ಹೊಲದವರು ಓಡಿ ಬಂದು ನಮ್ಮನ್ನು ಹೊರಗೆ ತೆಗೆದರು.

ಕಾರಿನ ಹಿಂಭಾಗ ನೋಡಿದೆ. ಡಿಕ್ಕಿ ಎನ್ನುವುದೇ ಇರಲಿಲ್ಲ. ಹಿಂದಿನ ಸೀಟಿನ ಬೆನ್ನಿಗೆ ಬಂದು ತಗಡು ಕೂತಿತ್ತು. ತಾಮ್ರದ ಕೊಡ ಹಪ್ಪಳವಾಗಿತ್ತು, ಡಬ್ಬಿ ಒಡೆದು ಹೋಳಿಗೆಯ ಹೂರಣ ಕೌದಿಗೆ ಮೆತ್ತಿಕೊಂಡಿತ್ತು. ಆ ಕೌದಿಯ ಮೇಲೆ ಬೆಳಿಗ್ಗೆ ನಾಲಿಗೆ ಚಾಚುತ್ತಿದ್ದ ಎರಡು ಮುಖ ಕಣ್ಣಿಗೆ ಬಂದವು. ರಸ್ತೆಯ ಮೇಲೇ ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಆಕೆಯ ಬಸ್ಸು ಬಂದು ನಿಂತಿತು. ಕಿಟಕಿಯಿಂದ ಕಾರನ್ನು ನೋಡಿಯೇ ಇಳಿದಿದ್ದಳು. ಎರಡು ಮಕ್ಕಳ ಮಣಿಕಟ್ಟು ಬಿಟ್ಟಿರಲಿಲ್ಲ. ಬಾಯಿ ಬಡಿದುಕೊಳ್ಳಲಿಲ್ಲ, ನನ್ನನ್ನು ಅಪ್ಪಿಕೊಳ್ಳಲೂ ಇಲ್ಲ. ಮುಖ ಮಾತ್ರ ಬೆಳಿಗ್ಗೆ ಡಿಕ್ಕಿ ನೋಡಿದಾಗ ಇದ್ದಂತೆಯೇ ಇತ್ತು. ಅದು ಸಿಟ್ಟಲ್ಲ, ಹೆದರಿಕೆ ಎಂದು ನನಗೆ ಆಗ ತಿಳಿಯಿತು.

"ಯಾರು ಅಳಾಕತ್ತಿಲ್ಲ?" ಎಂದಳು.

ಸಣ್ಣ ಹುಡುಗಿ ಅಳುತ್ತಿರಲಿಲ್ಲ. ಮುಷ್ಟಿ ಬಿಗಿದು ಕಣ್ಣು ತೆರೆದು ನಿಂತಿದ್ದಳು. ಗದ್ದಲದಲ್ಲಿ ನಾವು ಯಾರೂ ಅವಳನ್ನು ನೋಡಿರಲಿಲ್ಲ. ಬೀಗತಿ ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ತಲೆ, ಕುತ್ತಿಗೆ, ಹೊಟ್ಟೆ ಮುಟ್ಟಿ ನೋಡಿದಳು.

"ಏ ಸಣ್ಣಾಕಿ. ನಾ ಯಾರು ಹೇಳು?"

ಮಗು ಬಾಯಿ ಬಿಡಲಿಲ್ಲ.

"ಯಾರು ನಾ? ಮರತೇನು?"

ಬಹಳ ಹೊತ್ತಾದ ಮೇಲೆ "ಪೊಲೀಸ್ ಆಯಿ" ಅಂದಿತು. ಅಂದು ಹೋ ಎಂದು ಅಳತೊಡಗಿತು.

"ಹಾಂ, ಅಳು" ಎಂದು ಆಕೆ ಅಲ್ಲೇ ನೆಲಕ್ಕೆ ಕೂತಳು. ನಾವಿಬ್ಬರೂ ಬೀಗತಿಯರು ರಸ್ತೆಯ ಆ ಬದಿ ಈ ಬದಿ ಕೂತಿದ್ದೆವು.

ಯಾದಗಿರಿಯ ಆಸ್ಪತ್ರೆಯಲ್ಲಿ ಸೊಸೆಗೆ ಭುಜದ ಎಲುಬು ಸೀಳಿದೆ, ಎರಡು ದಿನ ಇರಲಿ ಅಂದರು. ಕೂಸಿಗೆ ಏನೂ ಇಲ್ಲ, ಮಗನಿಗೆ ಹಣೆಯಲ್ಲಿ ಹೊಲಿಗೆ. ಸಂಜೆ ಪಡಸಾಲೆಯಲ್ಲಿ ಇಬ್ಬರೇ ಕೂತಿದ್ದಾಗ, ಕೇಳದೆಯೇ ಆಕೆ ಹೇಳಿದಳು.

"ಜೀಪಿನಾಗ ಮುಂದ ಕೂತಿದ್ದೆ. ತೊಡಿ ಮ್ಯಾಲ ನನ್ನ ಮೊದಲನೇ ಗಂಡುಕೂಸು. ಕೆನಾಲ ದಂಡಿ ಮ್ಯಾಲ ಎಮ್ಮಿ ಅಡ್ಡ ಬಂತು. ನಾ ಬಿಟ್ಟಿರಲಿಲ್ರಿ, ಬೀಗರ. ಕೈ ಮುರದರೂ ಬಿಟ್ಟಿರಲಿಲ್ಲ. ಕಣ್ಣ ತೆರದಾಗ ಕೂಸಿಗೆ ಸುತ್ತಿದ ದುಪ್ಪಟಿನ್ನ ಹಂಗ ಅವಚಿ ಹಿಡಕೊಂಡಿದ್ದೆ. ಕೂಸು ಅದರಾಗ ಇರಲಿಲ್ಲ." ಮಡಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ತೋಳು ಹಿಡೀತಾವ ಅನ್ನೂದು ಸುಳ್ಳು. ಮಗಳಿಗೆ ಹೇಳಬ್ಯಾಡ್ರಿ, ಅಕಿ ಆಗ ಹುಟ್ಟಿರಲಿಲ್ಲ" ಅಂದಳು.

ನಾನು ಹೊರಗೆ ಹೋಗಿ ಚಹಾ ತಂದು ಆಕೆಯ ಎಡಗೈಗೆ ಕೊಟ್ಟೆ.

ಕಳೆದ ಬೇಸಿಗೆಯಲ್ಲಿ ಆಕೆ ಹೋದಳು. ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಅಷ್ಟು ಎಚ್ಚರದ ಹೆಂಗಸಿಗೆ ಅಂಥ ಸದ್ದಿಲ್ಲದ ಸಾವು. ಮಣ್ಣಿಗೆ ಹೋದವರೆಲ್ಲ ಆಕೆಯ ಕೈಗುಣ, ಬಾಯಿಗುಣ ಎಂದು ಏನೇನೋ ಹೇಳಿದರು. ನನ್ನನ್ನು ಕೇಳಿದರು. ನನ್ನ ಇಬ್ಬರು ಮೊಮ್ಮಕ್ಕಳು ಆಕೆ ಉಳಿಸಿಕೊಟ್ಟವರು ಎಂದಷ್ಟೇ ಹೇಳಿದೆ. ಆ ಋಣ ತೀರಿಸುವಂಥದ್ದಲ್ಲ, ತೀರಿಸುತ್ತೇನೆಂದು ಸುಳ್ಳು ಹೇಳುವುದೂ ಇಲ್ಲ. ಅಂದು, ಲಾರಿ ಗುದ್ದಿದ ಮರುದಿನ ಬೆಳಿಗ್ಗೆ, ನನ್ನ ಕೈಯಲ್ಲಿ ಆದದ್ದು ಇಷ್ಟು.

ಆಸ್ಪತ್ರೆಯ ಎದುರು ನಮ್ಮ ನೆಂಟರು ಜೀಪು ತಂದು ನಿಲ್ಲಿಸಿದ್ದರು. ನೋಡಲು ಬಂದವರೇ ಒಂಬತ್ತು ಹತ್ತು ಮಂದಿ, ಅದರಲ್ಲೇ ನಮ್ಮನ್ನೂ, ಕೂಸನ್ನು ತಾಯಿಯ ಬಳಿ ಬಿಟ್ಟು ಉಳಿದ ಮೂರು ಮಕ್ಕಳನ್ನೂ ಸುರಪುರಕ್ಕೆ ಒಯ್ಯುವುದೆಂದು. "ಹುಡುಗ್ರಿಗೇನು ಜಾಗ ಬೇಕು, ಕಾಲಾಗ ಕುಂದ್ರತಾವ. ಬೀಗತೇರು ಮುಂದ ಕೂಡ್ರಿ" ಅಂದ ನನ್ನ ಮೈದುನ. ಬೀಗತಿ ರಾತ್ರಿಯೆಲ್ಲ ಕೂತಿದ್ದಳು, ಜಗಳಕ್ಕೆ ಶಕ್ತಿ ಉಳಿದಿರಲಿಲ್ಲ.

"ನಾವು ಬಸ್ಸಿಗೆ ಹೋಗ್ತೀವಿ" ಅಂದೆ ನಾನು.

"ಇಬ್ಬರು ಬೀಗತೇರು ಬಸ್ಸಿಗೆ ಹೋದ್ರ ಮಂದಿ ನಗಂಗಿಲ್ಲೇನು, ವೈನಿ?"

"ನಗಲೇಳು."

ಬಸ್ಸಿನಲ್ಲಿ ದೊಡ್ಡವರಿಬ್ಬರನ್ನು ನಮ್ಮ ಮುಂದಿನ ಸೀಟಿನಲ್ಲಿ ಕೂಡಿಸಿದೆ. ಸಣ್ಣವಳನ್ನು ನಮ್ಮಿಬ್ಬರ ನಡುವೆ. ಭೀಮಾ ಪೂಲು ಬರುವುದರೊಳಗೆ ಬೀಗತಿಗೆ ನಿದ್ದೆ ಹತ್ತಿತು. ತಲೆ ಕಿಟಕಿಗೆ ವಾಲಿತು. ಪೂಲು ದಾಟಿತು. ಜಾಲಿ ಕಂಟಿ ಬಂತು, ಅದರ ಬುಡದಲ್ಲಿ ಗಾಜಿನ ಚೂರು ಬಿಸಿಲಿಗೆ ಹೊಳೆಯುತ್ತಿದ್ದವು. ಆಕೆಯನ್ನು ಎಬ್ಬಿಸಲಿಲ್ಲ. ಸಣ್ಣವಳನ್ನು ನನ್ನ ಕಡೆ ಒತ್ತಿ ಹಿಡಿದು, ಮುಂದಿನ ಸೀಟಿನ ಎರಡು ತಲೆಗಳ ಮೇಲೆ ಕಣ್ಣಿಟ್ಟು ಸುರಪುರದ ತನಕ ರೆಪ್ಪೆ ಹಚ್ಚದೆ ಕೂತೆ.