ಕರಿಯಣ್ಣ ಬಿಚ್ಚಿಟ್ಟ ಗಾಳಿ ಪೈಪು

ಮೊನ್ನೆ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಧರ್ಮಪುರದ ಬಸ್ಸೊಂದು ಹತ್ತಿರವೇ ಬಂದು ನಿಂತಿತು. ಬ್ರೇಕ್ ಲೈನರ್ ಕಾದ ವಾಸನೆ ಗಪ್ಪನೆ ಬಡಿಯಿತು. ಪಕ್ಕದವರೆಲ್ಲ ಮೂಗು ಮುಚ್ಚಿಕೊಂಡರೆ ನಾನು ಎರಡು ಹೆಜ್ಜೆ ಮುಂದೆ ಹೋದೆ. ನಗಬೇಡಿ, ಆ ವಾಸನೆಯಲ್ಲೇ ಹನ್ನೊಂದು ವರ್ಷ ಬುತ್ತಿ ಬಿಚ್ಚಿ ಉಂಡವನು ನಾನು. ಕರಿಯಣ್ಣ ನೆನಪಾದ.

ಹೆದ್ದಾರಿ ಬದಿಯ ನಮ್ಮ ಲಾರಿ ಗ್ಯಾರೇಜಿನಲ್ಲಿ ಅವನೇ ಹಿರಿಯ ಮೇಸ್ತ್ರಿ. ಧರ್ಮಪುರದ ಕಡೆಯ ಕುರಿ ಸಾಕುವ ಮನೆತನ. ಒಂದು ಕುರಿ ಕೆಮ್ಮಿದರೂ ರಾತ್ರಿಯೆಲ್ಲ ಕಾಯುತ್ತಿದ್ದ ಜನ. ತನಗೆ ಕೆಮ್ಮು ಹತ್ತಿದಾಗ ಮಾತ್ರ ಅವನು ವರ್ಷಗಟ್ಟಲೆ ಸುಮ್ಮನಿದ್ದ.

ಲಾರಿಯ ಚಕ್ರ ಬಿಚ್ಚಿ ಬ್ರೇಕ್ ಡ್ರಮ್ಮು ಕಳಚಿದರೆ ಒಳಗೆ ಸವೆದ ಲೈನರಿನ ಬೂದು ಧೂಳು ಕೂತಿರುತ್ತದೆ. ಕಂಪ್ರೆಸರ್ ಪೈಪಿನಿಂದ ಗಾಳಿ ಬಿಟ್ಟರೆ ಕ್ಷಣದಲ್ಲಿ ಸ್ವಚ್ಛ. ಎಷ್ಟೋ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಇರುತ್ತದೆ, ಕಣ್ಣಿಗೆ ಕಾಣದ ಅದರ ಎಳೆಗಳು ಎದೆಗೆ ಹೋದರೆ ಅಲ್ಲೇ ಉಳಿಯುತ್ತವೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಸಂಜೆ ಹೊರಡುವಾಗ ನಾನು ಅದೇ ಪೈಪಿನಿಂದ ತಲೆ, ಅಂಗಿ ಎಲ್ಲ ಊದಿಕೊಳ್ಳುತ್ತಿದ್ದೆ. ನನ್ನಷ್ಟು ನೀಟಾಗಿ ಮನೆಗೆ ಹೋಗುವ ಮೆಕ್ಯಾನಿಕ್ ಇಡೀ ಹಿರಿಯೂರಿನಲ್ಲಿ ಇಲ್ಲವೆಂಬ ಜಂಬ ಬೇರೆ.

ಹತ್ತು ಹೆಜ್ಜೆಗೇ ಕರಿಯಣ್ಣ ಏದುಸಿರು ಬಿಡತೊಡಗಿದ. ಹೋದ ಆಸ್ಪತ್ರೆಗಳಲ್ಲೆಲ್ಲ ಕೇಳಿದ್ದು ಒಂದೇ, ಬೀಡಿ ಸೇದುತ್ತೀರಾ? ಅವನು ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಕಫದಲ್ಲಿ ಏನೂ ಸಿಗದಿದ್ದರೂ ಟಿಬಿ ಮಾತ್ರೆ ನುಂಗಿಸಿದರು. ಕೊನೆಗೆ ನಾನೇ ದುರ್ಗದ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಬೇರೆ ಪ್ರಶ್ನೆ ಕೇಳಿದರು. "ಏನು ಕೆಲಸ ಮಾಡ್ತೀರಿ?"

ಅವನು ಹೇಳಿದ. ಆಕೆ ಸ್ಕ್ಯಾನ್ ಮಾಡಿಸಿ ನೋಡಿದರು. "ಆ ಧೂಳಿಂದ ಶ್ವಾಸಕೋಶ ಗಟ್ಟಿಯಾಗಿದೆ. ಇದು ವಾಸಿಯಾಗಲ್ಲ. ಇನ್ನು ಧೂಳು ಕುಡೀಬೇಡಿ, ಅಷ್ಟೇ."

"ಹಂಗಂತ ಚೀಟಿಯಾಗೆ ಬರೀರಿ ತಾಯಿ," ಎಂದ ಕರಿಯಣ್ಣ. "ನಾಳೆ ಸತ್ರೆ, ಬೀಡಿ ಸೇದಿ ಸತ್ತ ಅಂತ ಯಾರೂ ಅನ್ಬಾರ್ದು."

ಆಕೆ ಬರೆದುಕೊಟ್ಟರು.

ಮರುದಿನ ಅವನು ಮಾಡಿದ ಮೊದಲ ಕೆಲಸ, ಕಂಪ್ರೆಸರಿನಿಂದ ಪೈಪು ಬಿಚ್ಚಿ ಸುತ್ತಿ ಪಕ್ಕಕ್ಕಿಟ್ಟು ಅದರ ಮೇಲೆ ಕುಳಿತದ್ದು. ಮಾಲೀಕರು ಬಂದರು.

"ಏನಪ್ಪ ಕರಿಯಣ್ಣ, ಏನಿದು?"

"ಇನ್ಮ್ಯಾಲೆ ಡ್ರಮ್ಮು ನೀರು ಹಾಕಿ ತೊಳೆಯಾದು. ಬಟ್ಟೇನೂ ಇಲ್ಲೇ ಬದಲಾಯಿಸಾದು. ಇವನ್ನ ಒಗೆಯೋ ಹೆಂಡ್ರು ಏನ್ ತಪ್ಪು ಮಾಡ್ಯಾರೆ?"

"ಅಷ್ಟೊತ್ತು ಡ್ರೈವರ್‌ಗಳು ಕಾಯ್ತಾರೇನು? ಪಕ್ಕದ ಗ್ಯಾರೇಜಿಗೆ ಹೋಗ್ತಾರೆ."

"ಅಲ್ಲಿಗೂ ಹೋಗಿ ಹೇಳ್ತೀನಿ."

ಅವನನ್ನು ಅಂದೇ ಕೆಲಸದಿಂದ ಬಿಡಿಸಿದರು. ಆಗ ನಾನೇನು ಮಾಡಿದೆ ಎನ್ನುತ್ತೀರಾ? ಸ್ಪ್ಯಾನರ್ ಹಿಡಿದು ಲಾರಿಯ ಕೆಳಗೆ ನುಸುಳಿದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ.

ಕರಿಯಣ್ಣ ಹೇಳಿದಂತೆಯೇ ಮಾಡಿದ. ಸ್ಕ್ಯಾನು, ಡಾಕ್ಟರಮ್ಮನ ಚೀಟಿ ಇದ್ದ ಕವರು ಹಿಡಿದು, ಮೋರಿಗೊಮ್ಮೆ ಕುಳಿತು ಉಸಿರು ತಿರುಗಿಸಿಕೊಳ್ಳುತ್ತ, ಹೆದ್ದಾರಿಯ ಒಂದೊಂದೇ ಗ್ಯಾರೇಜಿಗೆ ಹೋದ. ಕೆಲವರು ನಕ್ಕರು, ಕೆಲವರು ಚಹಾ ಕೊಟ್ಟು ಕೇಳಿದರು. ಒಂದು ದಿನ ನಮ್ಮ ಗೇಟಿನೆದುರೂ ನಿಂತ. ಒಳಗೆ ಬರಲಿಲ್ಲ, ಆ ಕವರು ಎತ್ತಿ ಹಿಡಿದು ನನ್ನನ್ನೇ ನೋಡಿದ. ನಾನು ಕೈಯಲ್ಲಿದ್ದ ಪೈಪು ಕೆಳಗಿಟ್ಟು ಮಾಲೀಕರಿಗೆ, "ನೀರು ಹಾಕಿ ಆದ್ರೆ ಮಾಡ್ತೀವಿ, ಇಲ್ಲಾಂದ್ರೆ ನೀವೇ ಬಿಚ್ಕಳ್ರಿ" ಎಂದೆ. ಹಿಂದೆ ಇನ್ನು ಮೂವರು ಬಂದು ನಿಂತರು. ಮಧ್ಯಾಹ್ನದ ಹೊತ್ತಿಗೆ ತೊಳೆಯಲು ನೀರಿನ ಪೀಪಾಯಿ ಬಂತು.

ಎರಡು ವರ್ಷದ ನಂತರ ಕರಿಯಣ್ಣ ತೀರಿಕೊಂಡ. ಹೋದ ತಿಂಗಳು ನನ್ನ ಎದೆಯ ಸ್ಕ್ಯಾನಿನಲ್ಲೂ ಕಲೆ ಕಾಣಿಸಿದೆ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದುದು ಅದಕ್ಕೇ, ದುರ್ಗದ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಕೊಡಲು. ಲೈನರ್ ಕೆಲಸದವರೆಲ್ಲರ ಎದೆ ಪರೀಕ್ಷೆ ಆಗಬೇಕು ಎಂದು ಬರೆದು, ಮೊದಲ ಹೆಸರು ನನ್ನದೇ ಹಾಕಿದ್ದೆ. ಗುಮಾಸ್ತರು ಓದಿ, "ಇದು ನಮ್ ಇಲಾಖೆಗೆ ಬರಲ್ಲ ಅನ್ಸುತ್ತೆ, ಇಟ್ಟು ಹೋಗ್ರಿ, ನೋಡಾಣ" ಎಂದರು.

"ತಗೊಂಡ್ವಿ ಅಂತ ಸೀಲು ಹಾಕಿ ಕೊಡ್ರಿ."

"ಸಾಹೇಬ್ರಿಲ್ಲ. ನಾಳೆ ಬರ್ರಿ."

"ನಾಳೇನೂ ಬರ್ತೀನಿ," ಎಂದು ಎದುರಿಗಿದ್ದ ಬೆಂಚಿನ ಮೇಲೆ ಕುಳಿತೆ. "ಇವತ್ತಿಂದು ಇವತ್ತೇ ಹಾಕ್ರಿ."

ಅವರು ಮೇಜಿನ ಡ್ರಾಯರ್ ಎಳೆದು, ಸೀಲು ಹುಡುಕತೊಡಗಿದರು.