ನೆಟ್ ಬಿಡುತ್ತಿದ್ದ ಯಜಮಾನರು

ನಿನ್ನೆ ನಮ್ಮ ಮನೆಯ ನೆಟ್ ಸರಿಮಾಡಲು ಬಂದಿದ್ದ ಹೆಣ್ಣುಮಗಳು ಮೇಜಿನ ಕೆಳಗಿಂದ ಒಂದು ಮೊಳದಷ್ಟು ನೀಲಿ ವೈರನ್ನು ಎಳೆದು ನನ್ನ ಕೈಗಿಟ್ಟಳು. "ಮೇಡಂ, ಇದರ ಎರಡು ತುದೀನೂ ಒಂದೇ ಬಾಕ್ಸಿಗೆ ಚುಚ್ಚಿಬಿಟ್ಟಿದ್ದೀರ. ಹೋಗಿದ್ದೆಲ್ಲ ವಾಪಸ್ ಬಂದು ಅಲ್ಲೇ ಸುತ್ತುತ್ತೆ. ಇದೊಂದು ಸಾಕು, ಇಡೀ ಮನೆ ನಿಂತುಹೋಗೋಕೆ," ಎಂದಳು.

ಕಸ ಗುಡಿಸುವಾಗ ಕಾಲಿಗೆ ಸಿಕ್ಕಿದ ತುದಿಯನ್ನು ಖಾಲಿ ತೂತಿಗೆ ಸಿಕ್ಕಿಸಿದವಳು ನಾನೇ. ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಅದಲ್ಲ. ವಾಪಸ್ ಬಂದು ಅಲ್ಲೇ ಸುತ್ತುತ್ತೆ... ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ಬೋಗಾದಿಯ ಮನೆಯ ಮೆಟ್ಟಿಲ ಮೇಲೆ, ಒಬ್ಬರು ನನಗೆ ಹೇಳಿದ್ದರು.

ಆಗ ನಾವು ಬಾಡಿಗೆಗಿದ್ದ ಮನೆಯ ಯಜಮಾನರು ಅವರು. ಬೋಗಾದಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಬೇಸಾಯ ಮಾಡಿಕೊಂಡಿದ್ದ ಮನೆತನ. ನಗರದ ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಕೆಳಗೆ ಎರಡು ಮನೆ, ಮೇಲೆ ಎರಡು. ಮೇಲಿನ ಒಂದರಲ್ಲಿ ನಾನೂ ನನ್ನ ತಂಗಿಯೂ ಇದ್ದೆವು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ಆ ವರ್ಷ, ಪಾಠವೂ ಕೆಲಸವೂ ಮನೆಯಿಂದಲೇ ಆದಾಗ, ಯಜಮಾನರು ತಮ್ಮ ಮನೆಗೆ ಒಂದು ನೆಟ್ ಹಾಕಿಸಿ, ನಾಲ್ಕೂ ಮನೆಗೆ ನೀಲಿ ವೈರು ಎಳೆಸಿದರು. ನಮ್ಮ ಮನೆಯಲ್ಲಿ ಕಂಪ್ಯೂಟರ್ ಎರಡಿದ್ದುದರಿಂದ ಐದು ತೂತಿನ ಒಂದು ಸಣ್ಣ ಬಾಕ್ಸನ್ನೂ ಕೂರಿಸಿಕೊಟ್ಟರು.

ಕಸುಬಿನ ಗುಣ ಎಲ್ಲಿ ಹೋಗುತ್ತದೆ? ಅವರು ನೆಟ್ಟನ್ನೂ ನೀರಿನ ಹಾಗೆಯೇ ಬಿಡುತ್ತಿದ್ದರು. ಮೆಟ್ಟಿಲ ಬುಡದಲ್ಲಿ ಒಂದು ಸ್ಲೇಟು ತೂಗುಹಾಕಿ, ಯಾವ ಮನೆಗೆ ಯಾವ ಹೊತ್ತು ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಸರದಿ ಬಂದವರ ವೈರು ಚುಚ್ಚಿ, ಉಳಿದವರದು ಕೀಳುತ್ತಿದ್ದರು. "ಎಲ್ಲಾರ್ಗೂ ಒಟ್ಗೇ ಬುಟ್ರೆ ಮೇಲ್ಗಡೆ ಮನೆಗೆ ಏರಕಿಲ್ಲ ಕಣಮ್ಮ, ಪ್ರೆಶರ್ ಸಾಲಕಿಲ್ಲ," ಎನ್ನುತ್ತಿದ್ದರು. ನಾನೂ ತಂಗಿಯೂ ಬಾಗಿಲು ಹಾಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು. ಆದರೆ ನನ್ನ ಪಾಠದ ಹೊತ್ತಿನಲ್ಲಿ ಒಂದು ದಿನವೂ ನೆಟ್ ಕೈಕೊಟ್ಟಿರಲಿಲ್ಲ, ಅದನ್ನೂ ಹೇಳಬೇಕು.

ಅತಿಥಿ ಉಪನ್ಯಾಸಕಿಯಾಗಿ ಸವೆದು ಹೋಗಿದ್ದ ನನಗೆ ಒಂದು ಕಾಲೇಜಿನಿಂದ ಕಾಯಂ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ಬೆಳಿಗ್ಗೆ ಹನ್ನೊಂದಕ್ಕೆ, ಕಂಪ್ಯೂಟರಿನಲ್ಲೇ. ಯಜಮಾನರು ಸ್ಲೇಟಿನಲ್ಲಿ ದೊಡ್ಡದಾಗಿ ಬರೆದರು: "ಹನ್ನೊಂದು ಗಂಟೆ, ಮೇಲ್ಮನೆ ಮೇಡಂ." ಆ ದಿನ ಬೇರೆಯವರ ವೈರು ಕೀಳಬೇಕಾಗಿರಲಿಲ್ಲ. ಆ ಹೊತ್ತಿಗೆ ಯಾರೂ ಬಳಸಬಾರದೆಂದು ಮನೆಮನೆಗೂ ಹೋಗಿ ಕೇಳಿಕೊಂಡು ಬಂದಿದ್ದರು.

ಸೀರೆ ಉಟ್ಟು ಕೂತೆ. ಕರೆಯುವುದಕ್ಕೆ ಮುಂಚೆ ಪರದೆಯಲ್ಲಿ ನನ್ನನ್ನೇ ನೋಡಿಕೊಂಡರೆ, ಹೆಗಲ ಹಿಂದೆ ಒಂದು ವೈರು ಜೋತಾಡುತ್ತಿತ್ತು. ತಂಗಿ ಕಂಪ್ಯೂಟರ್ ಎತ್ತಿಕೊಂಡು ಒಳಕೋಣೆಗೆ ಹೋಗಿದ್ದಳು, ಬಾಕ್ಸಿಗೆ ಚುಚ್ಚಿದ್ದ ಅವಳ ವೈರಿನ ಇನ್ನೊಂದು ತುದಿ ಅದು. ನೋಡುವವರಿಗೆ ಅಸಹ್ಯವಾಗಿ ಕಾಣಬಾರದಲ್ಲ ಎಂದು ಅದನ್ನು ಬಾಕ್ಸಿನ ಖಾಲಿ ತೂತಿಗೆ ಸಿಕ್ಕಿಸಿದೆ. ಅಷ್ಟರಲ್ಲಿ ನನ್ನ ಹೆಸರು ಕರೆದರು. ನಮಸ್ಕಾರ ಎಂದೆ. ಪರದೆ ನಿಂತುಹೋಯಿತು.

ನಾಲ್ಕೂ ಮನೆಯ ನೆಟ್ ಸತ್ತಿತ್ತು. ಯಜಮಾನರು ಕೆಳಗೆ ಒಂದೊಂದೇ ವೈರು ಕಿತ್ತು ನೋಡಿ, ಕೊನೆಗೆ ಏದುಸಿರು ಬಿಡುತ್ತ ಮೇಲೆ ಬಂದರು. ನಮ್ಮ ಮೇಜಿನ ಕೆಳಗೆ ಬಗ್ಗಿ ಏನನ್ನೋ ಎಳೆದರು. ನೆಟ್ ಬಂತು. ಅಷ್ಟು ಹೊತ್ತಿಗೆ ಅರ್ಧ ಗಂಟೆ ಕಳೆದು, ಆ ಕಡೆಯವರು ನನ್ನನ್ನು ಬಿಟ್ಟು ಮುಂದಿನವರನ್ನು ಕರೆದಾಗಿತ್ತು.

ಮೆಟ್ಟಿಲ ಮೇಲೆ ನಿಂತು ನಾನು ಆಡಿದ ಮಾತುಗಳು... ಎಲ್ಲ ಮನೆಯವರೂ ಹೊರಗೆ ಬಂದಿದ್ದರು. ಯಜಮಾನರು ವೈರಿನ ತುದಿ ಹಿಡಿದುಕೊಂಡೇ, "ನೀರು ವಾಪಸ್ ಬಂದು ಅಲ್ಲೇ ಸುತ್ತುತಿತ್ತು ಕಣಮ್ಮ, ಅದ್ಕೇ..." ಎಂದರು.

"ಇದು ನೀರಲ್ಲ ಯಜಮಾನ್ರೇ! ಜೀವಮಾನವೆಲ್ಲ ವಾಲ್ವ್ ತಿರುಗಿಸಿದವರ ಕೈಗೆ ಇದನ್ನ ಕೊಟ್ಟಿದ್ದೇ ತಪ್ಪು. ಇನ್ನು ಮೇಲೆ ದಯವಿಟ್ಟು ಮುಟ್ಟಬೇಡಿ!"

ಉಳಿದವರೂ ದನಿಗೂಡಿಸಿದರು. ಯಜಮಾನರು ವೈರನ್ನು ನಿಧಾನವಾಗಿ ಸುತ್ತಿ ಮೆಟ್ಟಿಲ ಮೇಲಿಟ್ಟು ಇಳಿದು ಹೋದರು. ತಿಂಗಳೊಳಗೆ ನಾನು ಒಂಟಿಕೊಪ್ಪಲಿಗೆ ಮನೆ ಬದಲಿಸಿದೆ. ಆಮೇಲೆ ಎಷ್ಟು ವರ್ಷ ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳಿ ನಗಿಸಿದ್ದೇನೋ. ನನ್ನ ಕೆಲಸ ನೀರುಪಾಲು ಮಾಡಿದ ಮಹಾನುಭಾವರು ಎನ್ನುತ್ತಿದ್ದೆ. ತಪ್ಪು ನನ್ನದೇ, ಅವರು ಅದನ್ನು ನನ್ನ ಎದುರಿಗೇ ಹೇಳಿದ್ದರು ಎಂಬುದು ನಿನ್ನೆಯವರೆಗೆ ತಲೆಗೆ ಹೋಗಿರಲಿಲ್ಲ. ಪಾಠ ಹೇಳುವವಳು ನಾನು! ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಇವತ್ತು ಬೆಳಿಗ್ಗೆ ಆಟೋ ಹಿಡಿದು ಬೋಗಾದಿಗೆ ಹೋದೆ. ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಳ್ಳುತ್ತಿದ್ದೆ. ಬಾಗಿಲು ತೆಗೆದವರು ಯಜಮಾನರ ಹೆಂಡತಿ. ನಡುಮನೆಯಲ್ಲಿ ಹಾರ ಹಾಕಿದ ಫೋಟೋ. "ಓದ ವರ್ಸವೇ ಓಗ್ಬುಟ್ರು ಕಣಮ್ಮ," ಎಂದು ಆಕೆ ನನಗೆ ಕುಡಿಯಲು ನೀರು ಕೊಟ್ಟರು.

ಲೋಟ ಹಿಡಿದೇ ಎಲ್ಲವನ್ನೂ ಹೇಳಿದೆ. ಆಕೆಗೆ ಆಶ್ಚರ್ಯವೇ ಆಗಲಿಲ್ಲ.

"ನಂಗೊತ್ತು. ಆವತ್ತಿಂದ ಅವ್ರು ಆ ವೈರು ಮುಟ್ನಿಲ್ಲ, ಸ್ಲೇಟೂ ಬರೀನಿಲ್ಲ. 'ನಿಮ್ದಲ್ಲ ತಪ್ಪು, ಆಯಮ್ಮಂದು ಅಂತ ಏಳ್ಬುಡಿ' ಅಂತ ಅವ್ರಿಗೆ ಅಂದೆ. 'ಏಳ್ದೆ ಕಣೆ, ಆಯಮ್ಮಂಗೆ ಕೇಳಿಸ್ನಿಲ್ಲ' ಅಂದ್ರು."

ಈಗ ಕೇಳಿಸಿದೆ. ಹೇಳಿದವರಿಲ್ಲ.